ಕಲಬುರಗಿ ಬಿಸಿಲಿಗೆ ಒಂದು ನ್ಯಾಸ್

ನ್ಯಾಸ್ ಅಂದರೆ ಮನೆಯ ನೆಟ್‌ವರ್ಕಿಗೆ ಸೇರಿಸಿ, ಎಲ್ಲ ಫೈಲುಗಳನ್ನೂ ಒಂದು ಕಡೆ ಇಡುವ ಡಿಸ್ಕಿನ ಡಬ್ಬಿ. ಅದನ್ನು ಕೊಳ್ಳಲು ಹೊರಟವರು ಮೊದಲು ಕೇಳುವುದು ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, ಎಷ್ಟು ಡಿಸ್ಕ್ ಹಿಡಿಯುತ್ತದೆ ಅಂತ. ನನಗೆ ಕಾಡಿದ್ದು ಮಾಹಿತಿ ಹಾಳೆಯ ಕೊನೆಯಲ್ಲಿರುವ ಒಂದು ಸಾಲು. ತೂಕ, ಅಳತೆ ಎಲ್ಲ ಆದ ಮೇಲೆ ಅದು ಬರುತ್ತದೆ. ಕೆಲಸ ಮಾಡುವ ಉಷ್ಣಾಂಶ: 0ರಿಂದ 40 ಡಿಗ್ರಿ. ಸಿನಾಲಜಿ ಕಂಪನಿಯ ಮನೆಬಳಕೆಯ ಡಬ್ಬಿಗಳಲ್ಲಿ ಹೀಗೆ ಬರೆದಿರುತ್ತದೆ. ಈ 40 ಡಿಸ್ಕಿನ ಬಿಸಿಯಲ್ಲ, ಡಬ್ಬಿಯ ಸುತ್ತ ಇರುವ ಗಾಳಿಯ ಬಿಸಿ. ಬೆಂಗಳೂರಿನವರು ಈ ಸಾಲನ್ನು ಓದದೇ ಬಿಟ್ಟರೂ ನಡೆಯುತ್ತದೆ. ಕಲಬುರಗಿಯಲ್ಲಿ ನಡೆಯುವುದಿಲ್ಲ. ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 42–43 ಡಿಗ್ರಿ ಅಂದರೆ ಯಾರಿಗೂ ಅಚ್ಚರಿಯಲ್ಲ. ಆ ಎರಡು ತಿಂಗಳು ನಮ್ಮ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತವೆ. ಮನೆಯ ಸರ್ವರ್ ಮಾತ್ರ ಮಧ್ಯಾಹ್ನ ಮೂರಕ್ಕೂ ಓಡುತ್ತಲೇ ಇರಬೇಕು.

ನನಗೆ ಈ ಡಬ್ಬಿ ಬೇಕಾಗಿದ್ದು ಸಿನಿಮಾ ರಾಶಿ ಹಾಕಲು ಅಲ್ಲ. ಅಪ್ಪ ಇದ್ದಾಗ ಒಂದು ಟೇಪ್ ಹ್ಯಾಂಡಿಕ್ಯಾಮ್ ಹಿಡಿದು ಊರೂರು ತಿರುಗಿ ಭಜನೆ, ತತ್ವಪದ, ಬಯಲಾಟ ರೆಕಾರ್ಡ್ ಮಾಡುತ್ತಿದ್ದರು. ಅಮಾವಾಸ್ಯೆ ಭಜನೆ ಅಂದರೆ ರಾತ್ರಿಯಿಡೀ ಕೂರುತ್ತಿದ್ದರು. ಜೊತೆಗೆ ಮದುವೆಯ ಡಿವಿಡಿಗಳು, ನಮ್ಮ ಫೋನುಗಳಲ್ಲಿ ತುಂಬಿರುವ ವಿಡಿಯೋ. ಇದೆಲ್ಲ ಒಂದು ಕಡೆ ಇರಬೇಕು, ಅವ್ವ ಟಿವಿಯ ರಿಮೋಟ್ ಒತ್ತಿದರೆ ಬರಬೇಕು. ಕೇಳಿಕೆ ಇಷ್ಟೇ. ಆದರೆ ಇವುಗಳಲ್ಲಿ ಹೆಚ್ಚಿನದಕ್ಕೆ ಜಗತ್ತಿನಲ್ಲಿ ಇನ್ನೊಂದು ಪ್ರತಿ ಇಲ್ಲ. ಸಿನಿಮಾ ಹೋದರೆ ಮತ್ತೆ ಸಿಗುತ್ತದೆ. ಇದು ಹೋದರೆ ಹೋಯಿತು. ಹಾಗಾಗಿ ಯಾವ ಡಬ್ಬಿ ಅನ್ನುವ ಪ್ರಶ್ನೆಗಿಂತ ಮೊದಲು ಅದು ಎಲ್ಲಿ ಕೂರುತ್ತದೆ, ಯಾವ ಕರೆಂಟಿನಲ್ಲಿ ಓಡುತ್ತದೆ, ಯಾರು ನೋಡುತ್ತಾರೆ ಅನ್ನುವುದನ್ನು ಬಗೆಹರಿಸಬೇಕು ಅನ್ನಿಸಿತು. ಆ ಮೂರು ಗೊತ್ತಾದರೆ ಡಬ್ಬಿಯ ಆಯ್ಕೆ ತಾನಾಗಿ ಕಿರಿದಾಗುತ್ತದೆ.

ಮೊದಲು ಜಾಗ

ನಮ್ಮ ಮನೆಗೆ ಫೈಬರ್ ಬಂದಿದ್ದು ಮಾಳಿಗೆಯ ಮೇಲಿನ ಕೋಣೆಗೆ. ರೌಟರ್ ಅಲ್ಲೇ ಇದೆ. ನ್ಯಾಸ್ ರೌಟರ್ ಪಕ್ಕ ಇಡಿ ಅಂತ ಎಲ್ಲರೂ ಹೇಳುತ್ತಾರೆ. ಆ ಕೋಣೆಯನ್ನು ಅಳೆಯುತ್ತಿದ್ದಾಗ ಅವ್ವ ಕೆಳಗಿನಿಂದಲೇ ಕೂಗಿ ಹೇಳಿದಳು: “ಮ್ಯಾಲಿನ ಖೋಲ್ಯಾಗ ಇಡಬ್ಯಾಡ ಯಪ್ಪಾ. ಬ್ಯಾಸಿಗ್ಯಾಗ ಅಲ್ಲಿ ಹಪ್ಪಳ ಒಣಗತಾವ.” ಅವಳ ಮಾತಿಗೆ ಒಂದು ಲೆಕ್ಕ ಇರಲಿ ಅಂತ ಸಣ್ಣ ಡಿಜಿಟಲ್ ಥರ್ಮಾಮೀಟರ್ ತಂದು ಮನೆಯ ಬೇರೆ ಬೇರೆ ಕಡೆ ಇಟ್ಟು ನೋಡಿದೆ. ಮೇಲಿನ ಕೋಣೆ ಸಂಜೆ ನಾಲ್ಕರ ಹೊತ್ತಿಗೆ 43 ದಾಟುತ್ತಿತ್ತು. ಅದಕ್ಕಿಂತ ಮುಖ್ಯ ಅಂದರೆ ರಾತ್ರಿ ಊಟ ಆದ ಮೇಲೂ ಅಲ್ಲಿ ಬಿಸಿ ಇಳಿಯುತ್ತಿರಲಿಲ್ಲ. ಕಾಂಕ್ರೀಟ್ ಛಾವಣಿ ಹಗಲಿಡೀ ಕುಡಿದ ಬಿಸಿಲನ್ನು ರಾತ್ರಿ ಒಳಗೆ ಬಿಡುತ್ತದೆ. ಮನೆಯ ಹಿಂಭಾಗ ಅಜ್ಜನ ಕಾಲದ್ದು. ದಪ್ಪ ಕಲ್ಲಿನ ಗೋಡೆ, ನೆಲಕ್ಕೆ ಶಹಾಬಾದ್ ಕಲ್ಲು. ಅಲ್ಲಿನ ಒಳಕೋಣೆ ಅದೇ ಹೊತ್ತಿನಲ್ಲಿ 36ರ ಹತ್ತಿರ ಇತ್ತು. ಏಳು ಡಿಗ್ರಿ ವ್ಯತ್ಯಾಸ. ಎಷ್ಟೇ ದುಡ್ಡು ಕೊಟ್ಟರೂ ಯಾವ ಫ್ಯಾನೂ ಈ ಏಳು ಡಿಗ್ರಿ ಕೊಡುವುದಿಲ್ಲ. ಫ್ಯಾನ್ ಎಷ್ಟು ಜೋರಾಗಿ ತಿರುಗಿದರೂ ಕೋಣೆಯ ಗಾಳಿಗಿಂತ ತಣ್ಣಗೆ ಡಿಸ್ಕನ್ನು ಇಡಲಾರದು.

ಬಿಸಿ ಅಂದರೆ ಡಿಸ್ಕ್ ಸತ್ತೇ ಹೋಗುತ್ತದೆ ಅಂತ ಹೆದರಿಸುವುದೂ ಸರಿಯಲ್ಲ. 2007ರಲ್ಲಿ ಗೂಗಲ್ ತನ್ನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ದಾಖಲೆ ಇಟ್ಟುಕೊಂಡು ಒಂದು ಅಧ್ಯಯನ ಪ್ರಕಟಿಸಿತ್ತು. ಬಿಸಿಗೂ ಡಿಸ್ಕ್ ಕೆಡುವುದಕ್ಕೂ ಜನ ಅಂದುಕೊಂಡಷ್ಟು ನೇರ ಸಂಬಂಧ ಅದರಲ್ಲಿ ಕಾಣಲಿಲ್ಲ. ತೀರಾ ಜಾಸ್ತಿ ಬಿಸಿಯಲ್ಲಿ, ಅದೂ ಮೂರು ವರ್ಷ ದಾಟಿದ ಹಳೆಯ ಡಿಸ್ಕುಗಳಲ್ಲಿ ಮಾತ್ರ ತೊಂದರೆ ಎದ್ದು ಕಂಡಿತ್ತು. ನನ್ನ ಲೆಕ್ಕ ಹೀಗೆ. ಡಬ್ಬಿಯ ಒಳಗೆ ಡಿಸ್ಕ್ ಹೊರಗಿನ ಗಾಳಿಗಿಂತ ಹತ್ತು ಡಿಗ್ರಿ ಜಾಸ್ತಿ ಅಂತ ಹಿಡಿದರೂ ಒಳಕೋಣೆಯಲ್ಲಿ 46ರ ಆಸುಪಾಸು. ಅದು ಸಹಿಸಬಹುದಾದ ಬಿಸಿ. ಮೇಲಿನ ಕೋಣೆಯಲ್ಲಿ 53, ಫ್ಯಾನಿಗೆ ಧೂಳು ಹಿಡಿದರೆ ಇನ್ನೂ ಮೇಲೆ. ಡಿಸ್ಕ್ ತಯಾರಕರು ಕೊಡುವ ಮಿತಿ ಇದಕ್ಕಿಂತ ಹೆಚ್ಚೇ ಇರುತ್ತದೆ, ಸರಿ. ಆದರೆ ನಾನು ಇಡುತ್ತಿರುವುದು ಹತ್ತು ವರ್ಷ ಇರಬೇಕಾದ ವಸ್ತು. ಮಿತಿಯ ಅಂಚಿನಲ್ಲಿ ಅದನ್ನು ಬದುಕಿಸಲು ನನಗೆ ಮನಸ್ಸಿಲ್ಲ.

ರೌಟರ್ ಮೇಲಿದ್ದರೇನು, ಒಂದು ನೆಟ್‌ವರ್ಕ್ ಕೇಬಲ್ ಕೆಳಗೆ ಎಳೆದರೆ ಆಯಿತು. ಕ್ಯಾಟ್6 ಕೇಬಲ್ ನೂರು ಮೀಟರ್ ತನಕ ಗಿಗಾಬಿಟ್ ವೇಗ ಹೊರುತ್ತದೆ. ನಮ್ಮ ಮನೆಗೆ ಅದರ ಕಾಲುಭಾಗವೂ ಬೇಡ. ಒಳಕೋಣೆಯಲ್ಲಿ ಜೋಳ, ತೊಗರಿಯ ಚೀಲ ಇರುತ್ತಿದ್ದವು. ಅವನ್ನು ಪಡಸಾಲೆಯ ಮೂಲೆಗೆ ಸರಿಸಿದೆವು, ಯಾಕೆಂದರೆ ಕಾಳಿನ ಹೊಟ್ಟಿನ ಧೂಳು ಫ್ಯಾನಿಗೆ ಬಿಸಿಲಿಗಿಂತ ಕೆಟ್ಟದ್ದು. ಗೋಡೆಯ ಮಾಡದಲ್ಲಿ ಇಡು ಅಂತ ಅವ್ವ ಅಂದಳು. ಮಾಡದ ಮೂರೂ ಕಡೆ ಕಲ್ಲು, ಬಿಸಿಗಾಳಿ ಹಿಂದಿನಿಂದ ಹೋಗಲು ದಾರಿ ಇಲ್ಲ. ಕಲ್ಲಿನ ಕಪಾಟಿನ ಮೇಲೆ, ಗೋಡೆಯಿಂದ ಒಂದು ಗೇಣು ಬಿಟ್ಟು ಇಟ್ಟೆ. ಇನ್ನೊಂದು ಮಾತು ನಮ್ಮ ಕಡೆಯವರಿಗಾಗಿ ಹೇಳಬೇಕು. ಕೂಲರ್ ಗಾಳಿ ಬೀಳುವ ಕಡೆ ಡಬ್ಬಿ ಇಡಬೇಡಿ. ತಣ್ಣಗಿರುತ್ತದೆ ನಿಜ. ಆದರೆ ನಮ್ಮ ಬೋರ್ ನೀರಿನ ಗಡಸುತನ ನಿಮಗೆ ಗೊತ್ತೇ ಇದೆ. ಕೂಲರಿನ ಹುಲ್ಲಿನ ಮೇಲೆ ಕಟ್ಟುವ ಬಿಳಿ ಉಪ್ಪು ನೋಡಿದವರು ಆ ಗಾಳಿಗೆ ಸರ್ಕ್ಯೂಟ್ ಬೋರ್ಡ್ ಒಡ್ಡುವುದಿಲ್ಲ.

“ಹಿಂದಕ್ಕ ಹಚ್ಚು ತಮ್ಮಾ”

ಪ್ರೊಸೆಸರ್ ಎಷ್ಟು ಬೇಕು ಅನ್ನುವುದನ್ನು ತೀರ್ಮಾನಿಸಿದ್ದು ಒಬ್ಬ ಕಾಕಾ. ಅಪ್ಪನ ಜೊತೆ ಭಜನೆಯಲ್ಲಿ ತಾಳ ಹಾಕುತ್ತಿದ್ದವರು. ಈಗ ವಯಸ್ಸು ಎಂಬತ್ತರ ಹತ್ತಿರ. ಡಬ್ಬಿ ಕೊಳ್ಳುವ ಮೊದಲು ಪ್ರಯೋಗಕ್ಕೆ ಅಂತ ಹಳೆಯ ಲ್ಯಾಪ್‌ಟಾಪಿನಲ್ಲಿ ಜೆಲ್ಲಿಫಿನ್ ಅನ್ನುವ, ವಿಡಿಯೋಗಳನ್ನು ಟಿವಿಗೆ ಕಳಿಸುವ ತಂತ್ರಾಂಶ ಹಾಕಿ, ಅಪ್ಪನ ಒಂದು ಟೇಪಿನ ಫೈಲ್ ಅದರಲ್ಲಿಟ್ಟಿದ್ದೆ. ಕಾಕಾ ಬಂದ ಸಂಜೆ ಟಿವಿಯಲ್ಲಿ ಹಚ್ಚಿದೆ. ಚಿತ್ರ ಬಂತು. ಏಕತಾರಿ ಹಿಡಿದು ಒಬ್ಬರು ಹಾಡುತ್ತಿದ್ದಾರೆ, ಹಿಂದೆ ಕಂದೀಲು, ಗೋಡೆಗೆ ಒರಗಿ ಕೂತ ಜನ. ಕಾಕಾ ಮುಂದಕ್ಕೆ ಬಾಗಿದರು. “ಎರಡನೇ ನುಡಿ ಮತ್ತೊಮ್ಮೆ ಕೇಳಸು. ಹಿಂದಕ್ಕ ಹಚ್ಚು ತಮ್ಮಾ” ಅಂದರು. ಹಿಂದಕ್ಕೆ ಹಾಕಿದೆ. ಪರದೆ ಕಪ್ಪಾಯಿತು, ಗೋಲ ತಿರುಗತೊಡಗಿತು. ಸ್ವಲ್ಪ ಹೊತ್ತಾದ ಮೇಲೆ ಹಾಡು ಬಂತು. ಒಂದು ಸಾಲು ಕೇಳಿ, “ತಡಿ, ತಾಳ ಹಾಕಾಂವ ಯಾರು ನೋಡೂಣು, ಇನ್ನಷ್ಟು ಹಿಂದ” ಅಂದರು. ಮತ್ತೆ ಗೋಲ. ಇನ್ನೂ ಒಮ್ಮೆ ಹೀಗಾದ ಮೇಲೆ ಕಾಕಾ ಮೆತ್ತಗೆ, “ಹೋಗ್ಲಿ ಬಿಡು, ಇದ್ದದ್ದು ನೋಡೂಣು” ಅಂದರು. ಆ ಮಾತು ನನಗೆ ಬಹಳ ನಾಟಿತು. ಹಿರಿಯರು ಇಂಥ ವಿಡಿಯೋವನ್ನು ಸಿನಿಮಾದ ಹಾಗೆ ಮೊದಲಿಂದ ಕೊನೆತನಕ ನೋಡುವುದಿಲ್ಲ. ನಿಲ್ಲಿಸುತ್ತಾರೆ, ಹಿಂದಕ್ಕೆ ಹೋಗುತ್ತಾರೆ, ಮುಖ ಗುರುತಿಸುತ್ತಾರೆ, ತೀರಿಕೊಂಡವರ ಹೆಸರು ಹೇಳುತ್ತಾರೆ. ಅದಕ್ಕೆ ಅಡ್ಡಿ ಬರುವ ಸರ್ವರ್ ನನಗೆ ಬೇಡ.

ಅಲ್ಲಿ ಆಗುತ್ತಿದ್ದುದು ಇಷ್ಟು. ಆ ಟೇಪುಗಳು ಮಿನಿ ಡಿವಿ ಅನ್ನುವ ಸಣ್ಣ ಡಿಜಿಟಲ್ ಟೇಪುಗಳು. ಗಂಟೆಗೆ ಸುಮಾರು 13 ಜಿಬಿ. ಇಂದಿನ ಟಿವಿಗಳಿಗೆ ಆ ಬಗೆಯ ಫೈಲ್ ಓದಲು ಬರುವುದಿಲ್ಲ. ಆಗ ಸರ್ವರ್ ಅದನ್ನು ಟಿವಿಗೆ ತಿಳಿಯುವ ರೂಪಕ್ಕೆ ಆಗಿಂದಾಗ್ಗೆ ಬದಲಿಸಿ ಕಳಿಸಬೇಕು. ಇದೇ ಟ್ರಾನ್ಸ್‌ಕೋಡಿಂಗ್. ನೀವು ದೂರ ಹಿಂದಕ್ಕೆ ಹಾರಿದಾಗ ಸರ್ವರ್ ನಡೆಯುತ್ತಿದ್ದ ಕೆಲಸ ನಿಲ್ಲಿಸಿ, ಹೊಸ ಜಾಗದಿಂದ ಮತ್ತೆ ಬದಲಿಸಲು ಶುರು ಮಾಡುತ್ತದೆ. ಆ ಗೋಲ ತಿರುಗುವುದು ಅದಕ್ಕೇ. ಶಕ್ತಿಯ ಪ್ರೊಸೆಸರ್ ಹಾಕಿದರೆ ಕಾಯುವುದು ಕಮ್ಮಿ ಆಗುತ್ತದೆ, ಪೂರ್ತಿ ಹೋಗುವುದಿಲ್ಲ. ನೆಟ್ಟಗಿನ ದಾರಿ ಅಂದರೆ ಮೊದಲೇ ಒಂದು ಪ್ರತಿಯನ್ನು ಎಚ್.264 ರೂಪದಲ್ಲಿ, ಎಎಸಿ ಧ್ವನಿ ಹಾಕಿ, ಎಂಪಿ4 ಮಾಡಿಡುವುದು. ಅದನ್ನು ಬಹುತೇಕ ಎಲ್ಲ ಟಿವಿಗಳೂ ನೇರವಾಗಿ ಓದುತ್ತವೆ. ಸರ್ವರ್ ಸುಮ್ನೆ ಫೈಲ್ ಕಳಿಸಿದರೆ ಸಾಕು, ಹಿಂದೆ ಮುಂದೆ ಹಾರುವುದು ಕ್ಷಣದಲ್ಲಿ. ಹೀಗೆ ಬದಲಿಸುವಾಗ ಒಂದು ಎಚ್ಚರ ಬೇಕು. ಡಿವಿ ಟೇಪಿನ ಪ್ರತಿ ಚಿತ್ರದಲ್ಲೂ ಎರಡು ಕ್ಷಣಗಳ ಗೆರೆಗಳು ಹೆಣೆದಿರುತ್ತವೆ. ಅವನ್ನು ಬಿಡಿಸಿ ಸೆಕೆಂಡಿಗೆ 50 ಚಿತ್ರ ಮಾಡಬೇಕು, 25 ಅಲ್ಲ. ಆಗ ತಾಳ ಹಾಕುವ ಕೈ ನಯವಾಗಿ ಓಡುತ್ತದೆ. 25 ಮಾಡಿದರೆ ಚಲನೆ ಅರ್ಧ ಹೋಗುತ್ತದೆ, ಅದು ಮತ್ತೆ ಬಾರದು. ಮೂಲ ಡಿವಿ ಫೈಲನ್ನು ಮಾತ್ರ ಯಾವ ಕಾರಣಕ್ಕೂ ಅಳಿಸಬಾರದು.

ಹಾಗಾದರೆ ಪ್ರೊಸೆಸರ್ ಬೇಡವೇ? ಸ್ವಲ್ಪ ಬೇಕು. ಫೋನಿನ ಎಚ್ಇವಿಸಿ ಅನ್ನುವ ಹೊಸ ಬಗೆಯ ವಿಡಿಯೋ ಹಳೆಯ ಟಿವಿಗೆ ಗೊತ್ತಾಗುವುದಿಲ್ಲ. ಡಿವಿಡಿ, ಬ್ಲೂ-ರೇಗಳಿಂದ ತೆಗೆದ ಸಿನಿಮಾದ ಡಿಟಿಎಸ್ ಬಗೆಯ ಧ್ವನಿ ಎಷ್ಟೋ ಟಿವಿಗಳಿಗೆ ಆಗಿಬರುವುದಿಲ್ಲ. ಚಿತ್ರರೂಪದ ಸಬ್‌ಟೈಟಲ್ ಇದ್ದರೆ ಬಹಳ ಸಲ ಅದನ್ನು ಚಿತ್ರದೊಳಗೇ ಸುಟ್ಟು ಕಳಿಸಬೇಕಾಗುತ್ತದೆ. ಇಂಥದ್ದಕ್ಕೆ ಇಂಟೆಲ್‌ನ ಕ್ವಿಕ್ ಸಿಂಕ್, ಅಂದರೆ ಚಿಪ್ಪಿನ ಗ್ರಾಫಿಕ್ಸಿನಲ್ಲೇ ವಿಡಿಯೋ ಬದಲಿಸುವ ಭಾಗ, ಸಾಕು. ಕೋರ್ ಎಷ್ಟಿದೆ ಅನ್ನುವುದಕ್ಕಿಂತ ಒಳಗೆ ಗ್ರಾಫಿಕ್ಸ್ ಇದೆಯಾ ಅನ್ನುವುದೇ ಮುಖ್ಯ. ಸಿನಾಲಜಿಯ ಡಿಎಸ್224 ಪ್ಲಸ್ ಎರಡು ಡಿಸ್ಕಿನದು, ಅದರಲ್ಲಿ ಸೆಲೆರಾನ್ ಜೆ4125 ಇದೆ, ಗ್ರಾಫಿಕ್ಸ್ ಇದೆ. ಅದಕ್ಕಿಂತ ದುಬಾರಿಯಾದ, ನಾಲ್ಕು ಡಿಸ್ಕಿನ ಡಿಎಸ್923 ಪ್ಲಸ್‌ನಲ್ಲಿ ಎಎಂಡಿಯ ಆರ್1600 ಇದೆ, ಗ್ರಾಫಿಕ್ಸ್ ಇಲ್ಲ. ಫೈಲ್ ಇಡಲು ಅದು ಒಳ್ಳೆಯ ಡಬ್ಬಿ, ವಿಡಿಯೋ ಬದಲಿಸಲು ಅಲ್ಲ. ಜಾಸ್ತಿ ಬೆಲೆ ಅಂದರೆ ಜಾಸ್ತಿ ಕೆಲಸ ಅಂತ ತಿಳಿಯಬಾರದು, ಅಲ್ವಾ. ಅಂಗೈಯಗಲದ ಕಂಪ್ಯೂಟರ್ ರಾಸ್‌ಬೆರಿ ಪೈ 5 ಅನ್ನೂ ಜನ ಹೇಳುತ್ತಾರೆ. ಅದರಲ್ಲಿ ವಿಡಿಯೋ ಎನ್‌ಕೋಡ್ ಮಾಡುವ, ಅಂದರೆ ಹೊಸ ರೂಪಕ್ಕೆ ಬರೆಯುವ ಯಂತ್ರಾಂಶವನ್ನೇ ತೆಗೆದುಬಿಟ್ಟಿದ್ದಾರೆ. ನನಗೆ ಇಷ್ಟವಾಗಿದ್ದು 2023ರಲ್ಲಿ ಬಂದ ಇಂಟೆಲ್ ಎನ್100. ನಾಲ್ಕು ಕೋರ್, 6 ವಾಟ್ ವರ್ಗದ್ದು, ಎವಿ1 ಅನ್ನುವ ಹೊಸ ವಿಡಿಯೋ ರೂಪವನ್ನೂ ಓದುತ್ತದೆ. ಬಿಸಿಲೂರಿಗೆ ಬಿಸಿ ಕಮ್ಮಿ ಹುಟ್ಟಿಸುವ ಚಿಪ್ಪೇ ಸರಿ.

ನೆಟ್‌ವರ್ಕ್ ವೇಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. 4ಕೆ ಬ್ಲೂ-ರೇ ಡಿಸ್ಕೇ ಸೆಕೆಂಡಿಗೆ 150 ಮೆಗಾಬಿಟ್ ದಾಟುವುದಿಲ್ಲ. ನನ್ನ ಎಂಪಿ4ಗಳು ಆರರ ಆಸುಪಾಸು. ಗಿಗಾಬಿಟ್ ಸಾಕು ಮತ್ತು ಸಾಕು.

ಕಂಪನಿ ಮನಸ್ಸು ಬದಲಿಸಿದರೆ

ಸಿದ್ಧ ಡಬ್ಬಿ ಕೊಳ್ಳುವವರು ಇದನ್ನೂ ಯೋಚಿಸಬೇಕು. ಸಿನಾಲಜಿ 2024ರಲ್ಲಿ, ವಿಡಿಯೋ ನೋಡಲು ತಾನೇ ಕೊಡುತ್ತಿದ್ದ ವಿಡಿಯೋ ಸ್ಟೇಷನ್ ತಂತ್ರಾಂಶವನ್ನು ತನ್ನ ಕಾರ್ಯವ್ಯವಸ್ಥೆಯ ಹೊಸ ಆವೃತ್ತಿಯಿಂದ ಕೈಬಿಟ್ಟಿತು. 2025ರ ಪ್ಲಸ್ ಮಾದರಿಗಳಲ್ಲಿ ಮೊದಲು ತಾನು ಒಪ್ಪಿದ ಡಿಸ್ಕುಗಳನ್ನೇ ಹಾಕಬೇಕು ಅಂದಿತು, ಜನ ಗಲಾಟೆ ಮಾಡಿದ ಮೇಲೆ ಅದೇ ವರ್ಷ ಅಕ್ಟೋಬರಿನಲ್ಲಿ ಸಡಿಲಿಸಿತು. ಜೆಲ್ಲಿಫಿನ್ ಥರದ್ದೇ ಇನ್ನೊಂದು ತಂತ್ರಾಂಶ ಪ್ಲೆಕ್ಸ್ ಕೂಡ 2025ರಲ್ಲಿ, ಮನೆಯ ಹೊರಗಿನಿಂದ ನಮ್ಮದೇ ವಿಡಿಯೋ ನೋಡುವುದಕ್ಕೆ ಹಣ ಕೇಳತೊಡಗಿತು. ಅವರ ವ್ಯಾಪಾರ ಅವರದು, ನಾನು ದೂರುವುದಿಲ್ಲ. ಆದರೆ ಅಪ್ಪನ ಟೇಪುಗಳು ಯಾವ ಕಂಪನಿಯ ವ್ಯಾಪಾರಕ್ಕೂ ಕಟ್ಟುಬೀಳಬಾರದು. ಹಾಗಾಗಿ ಜೆಲ್ಲಿಫಿನ್ ಆರಿಸಿದೆ. ಅದು 2018ರ ಕೊನೆಗೆ ಎಂಬಿ (Emby) ಅನ್ನುವ ತಂತ್ರಾಂಶದಿಂದ ಕವಲೊಡೆದು ಬಂದ ಮುಕ್ತ ತಂತ್ರಾಂಶ. ಇವತ್ತು ಈ ಡಬ್ಬಿಯಲ್ಲಿದೆ, ನಾಳೆ ಬೇರೆ ಡಬ್ಬಿಗೆ ಹೋಗುತ್ತದೆ. ಕೊನೆಗೆ ನಾನು ಕೊಂಡದ್ದು ಎನ್100 ಇರುವ, ಎರಡು ಡಿಸ್ಕ್ ಹಿಡಿಯುವ ಡಬ್ಬಿ. ಒಳಗೆ ಲಿನಕ್ಸ್ ಹಾಕಿದ್ದೇನೆ.

ಹಳೆಯ ಆಫೀಸ್ ಮಿನಿ ಕಂಪ್ಯೂಟರಿಗೆ ಯುಎಸ್‌ಬಿ ಡಿಸ್ಕ್ ಜೋಡಿಸಿದರೆ ಅರ್ಧ ಬೆಲೆಗೆ ಆಗುತ್ತದೆ ಅಂತ ಕೇಳುವವರಿಗೆ ಒಂದು ಮಾತು. ಏಳನೇ ತಲೆಮಾರಿನ ಇಂಟೆಲ್ ಇದ್ದರೆ ವಿಡಿಯೋ ಬದಲಿಸುವ ಕೆಲಸಕ್ಕೆ ಅದು ಚೆನ್ನಾಗಿಯೇ ಸಾಕು. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋದರೆ ಇಂಥವು ಸಿಗುತ್ತವೆ, ನಮ್ಮ ಕಡೆಯವರು ಕಂಪ್ಯೂಟರ್ ಸಾಮಾನಿಗೆ ಬೆಂಗಳೂರಿಗಿಂತ ಅಲ್ಲಿಗೇ ಹೋಗುವುದು. ಆದರೆ ದೊಡ್ಡ ಯುಎಸ್‌ಬಿ ಡಿಸ್ಕಿಗೆ ಅದರದ್ದೇ ಅಡಾಪ್ಟರ್ ಇರುತ್ತದೆ. ಗೆಳೆಯನೊಬ್ಬನ ಮನೆಯಲ್ಲಿ ಲೈಟ್ ಒಮ್ಮೆ ಮಿಟುಕಿದರೆ ಸಾಕು, ಕಂಪ್ಯೂಟರ್ ಉಳಿಯುತ್ತದೆ, ಡಿಸ್ಕ್ ಕಳಚಿಕೊಳ್ಳುತ್ತದೆ. ಓಡುವಾಗ ಕಳಚಿಕೊಂಡ ಡಿಸ್ಕಿನಲ್ಲಿ ಫೈಲ್ ಕೆಡಲು ಹೆಚ್ಚು ಹೊತ್ತು ಬೇಡ. ಡಿಸ್ಕ್ ಡಬ್ಬಿಯ ಒಳಗೇ, ಸಾಟಾ ಅನ್ನುವ ಒಳಜೋಡಣೆಯಲ್ಲಿ ಇರಲಿ.

ಡಿಸ್ಕ್ ಮತ್ತು ಕರೆಂಟ್

ಡಿಸ್ಕ್ ಕೇಳಲು ಇಲ್ಲಿನ ಅಂಗಡಿಗೆ ಹೋದಾಗ ಅಂಗಡಿಯವರು, “ಸರ್, ನ್ಯಾಸ್ ಡಿಸ್ಕ್ ಆರ್ಡರ್ ಹಾಕಿ ತರಸಬೇಕ್ರಿ. ಸಿಸಿಟಿವಿದು ಈಗೇ ಅದ. ಅದೂ ದಿನಪೂರ್ತಿ ಓಡ್ತದಲ್ರಿ” ಅಂದರು. ತಪ್ಪಿಲ್ಲದ ಮಾತು. ಸಿಸಿಟಿವಿಗೆ ಅಂತ ಬರುವ ವೆಸ್ಟರ್ನ್ ಡಿಜಿಟಲ್ (ಡಬ್ಲ್ಯುಡಿ) ಪರ್ಪಲ್ ದಿನವಿಡೀ ಓಡಲು ಮಾಡಿದ್ದು, ಸಿಎಂಆರ್ ಬಗೆಯದು, ಅಂದರೆ ದತ್ತಾಂಶದ ಗೆರೆಗಳು ಒಂದರ ಪಕ್ಕ ಒಂದು ಬಿಡಿಯಾಗಿ ಇರುತ್ತವೆ. ಈ ಸಿಎಂಆರ್ ಅನ್ನುವುದನ್ನು ನೋಡಿಯೇ ಕೊಳ್ಳಬೇಕು. ಎಸ್ಎಂಆರ್ ಡಿಸ್ಕಿನಲ್ಲಿ ಗೆರೆಗಳು ಒಂದರ ಮೇಲೊಂದು ಹೆಂಚಿನ ಹಾಗೆ ಕೂತಿರುತ್ತವೆ, ಒಂದನ್ನು ತಿದ್ದಲು ಪಕ್ಕದವನ್ನೂ ಮತ್ತೆ ಬರೆಯಬೇಕು. ತುಂಬಾ ಹೊತ್ತು ಬರೆದರೆ ವೇಗ ಬಿದ್ದುಹೋಗುತ್ತದೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ ರೆಡ್ ಹೆಸರಿನ ನ್ಯಾಸ್ ಡಿಸ್ಕುಗಳಲ್ಲೇ ಇದನ್ನು ಹಾಕಿದ್ದು ಬಯಲಾಗಿ ದೊಡ್ಡ ಗದ್ದಲವಾಯಿತು. ಆಮೇಲೆ ಸಿಎಂಆರ್ ಬೇಕಾದವರಿಗೆ ರೆಡ್ ಪ್ಲಸ್ ಅಂತ ಹೆಸರಿಟ್ಟರು.

ನಾನು 4 ಟಿಬಿಯ ರೆಡ್ ಪ್ಲಸ್ ತಗೊಂಡೆ. ನಿಮಿಷಕ್ಕೆ 5400 ಸುತ್ತಿನದು. 7200 ಸುತ್ತಿನ ದೊಡ್ಡ ಡಿಸ್ಕ್ ಜಾಸ್ತಿ ವಿದ್ಯುತ್ ತಿನ್ನುತ್ತದೆ, ತಿಂದದ್ದನ್ನೆಲ್ಲ ಬಿಸಿಯಾಗಿ ಬಿಡುತ್ತದೆ. ನೂರು ಗಂಟೆಯ ಡಿವಿ ಟೇಪ್ ಅಂದರೂ 1.3 ಟಿಬಿ, ಅದರ ಎಂಪಿ4ಗಳು ಮೂರು ನೂರು ಜಿಬಿಯೊಳಗೆ. ಎರಡು ಖಾನೆ ಇದ್ದರೂ ಒಂದನ್ನು ಖಾಲಿ ಬಿಟ್ಟಿದ್ದೇನೆ. ಇದಕ್ಕೆ ಬಹಳ ಜನ ಒಪ್ಪುವುದಿಲ್ಲ. ಎರಡು ಡಿಸ್ಕ್ ಹಾಕಿ ರೈಡ್ 1, ಅಂದರೆ ಎರಡರಲ್ಲೂ ಒಂದೇ ದತ್ತಾಂಶ ಬರೆಯುವ ಹಾಗೆ ಮಾಡಿ, ಒಂದು ಹೋದರೆ ಇನ್ನೊಂದು ಇರುತ್ತದೆ ಅನ್ನುತ್ತಾರೆ. ರೈಡ್ ಕಾಪಾಡುವುದು ಒಂದು ಡಿಸ್ಕ್ ಸತ್ತಾಗ ಮಾತ್ರ. ಯಾರೋ ಫೈಲ್ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ಸಿಡಿಲಿನ ಹೊಡೆತ ಎರಡಕ್ಕೂ ತಗಲುತ್ತದೆ. ಮೇ ತಿಂಗಳ ಬಿಸಿಯನ್ನೂ ಎರಡೂ ಒಟ್ಟಿಗೇ ಉಣ್ಣುತ್ತವೆ. ಆಫೀಸಿಗೆ ರೈಡ್ ಬೇಕು, ಅಲ್ಲಿ ಕೆಲಸ ನಿಲ್ಲುವ ಹಾಗಿಲ್ಲ. ನಮ್ಮ ಮನೆಯಲ್ಲಿ ಭಜನೆ ಎರಡು ದಿನ ಕಾಣದಿದ್ದರೆ ನಷ್ಟವಿಲ್ಲ, ಶಾಶ್ವತವಾಗಿ ಹೋಗಬಾರದು ಅಷ್ಟೇ. ಎರಡನೇ ಡಿಸ್ಕಿನ ದುಡ್ಡನ್ನು ಮನೆಯ ಹೊರಗಿನ ಪ್ರತಿಗೆ ಹಾಕಿದೆ. ಖಾಲಿ ಖಾನೆಯಿಂದ ಗಾಳಿಯೂ ಸರಾಗ ಆಡುತ್ತದೆ.

ಕರೆಂಟಿನ ಕಥೆ ನಮ್ಮವರಿಗೆ ಹೇಳಬೇಕಾಗಿಲ್ಲ. ಮನೆಯ ಇನ್ವರ್ಟರಿನ ಹಿಂದೆ ಇಕೋ, ಯುಪಿಎಸ್ ಅಂತ ಒಂದು ಸ್ವಿಚ್ ಇರುತ್ತದೆ, ಅದನ್ನು ನೋಡಿ. ಇಕೋದಲ್ಲಿ ಬ್ಯಾಟರಿಗೆ ಬದಲಾಗಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಸರ್ವರ್ ಬಿದ್ದುಹೋಗಬಹುದು. ಯುಪಿಎಸ್‌ನಲ್ಲಿ ಬೇಗ ಬದಲಾಗುತ್ತದೆ, ಆದರೆ ವೋಲ್ಟೇಜ್ ಸ್ವಲ್ಪ ಇಳಿದರೂ ಬ್ಯಾಟರಿಗೆ ಹೋಗುತ್ತದೆ. ಬೇಸಿಗೆಯ ಮಧ್ಯಾಹ್ನ ವೋಲ್ಟೇಜ್ ಇಳಿಯುವ ಓಣಿಗಳಲ್ಲಿ ಹೀಗೆ ದಿನವಿಡೀ ಬ್ಯಾಟರಿ ಸವೆಯುತ್ತದೆ. ಇನ್ವರ್ಟರಿನ ಮೇಲೆ ಒಂದು ಸಣ್ಣ ಯುಪಿಎಸ್ ಇಡುವುದೇ ಮೇಲು. ಯುಎಸ್‌ಬಿ ತಂತಿಯಿಂದ ಡಬ್ಬಿಗೆ ಮಾತಾಡುವಂಥದ್ದು ತಗೊಳ್ಳಿ. ಬ್ಯಾಟರಿ ಇಳಿದಾಗ ಅದು ಹೇಳುತ್ತದೆ, ಸರ್ವರ್ ಡಿಸ್ಕ್ ನಿಲ್ಲಿಸಿ ತಾನೇ ಕ್ರಮವಾಗಿ ಆರುತ್ತದೆ. ಲೆಡ್ ಆಸಿಡ್ ಬ್ಯಾಟರಿಗೆ ಬಿಸಿಲು ಡಿಸ್ಕಿಗಿಂತ ದೊಡ್ಡ ಶತ್ರು. ಅದೂ ಒಳಕೋಣೆಯಲ್ಲೇ ಇದೆ. ಲೈಬ್ರರಿ ಜಾಲಾಡುವುದು, ಚಿತ್ರದ ತುಣುಕು ತೆಗೆಯುವುದು ಇಂಥ ಭಾರದ ಕೆಲಸಗಳನ್ನೆಲ್ಲ ಜೆಲ್ಲಿಫಿನ್‌ನಲ್ಲಿ ನಸುಕಿನ 4 ಗಂಟೆಗೆ ಹಾಕಿದ್ದೇನೆ.

ಗೃಹಜ್ಯೋತಿ ಇರುವ ಮನೆಯವರು ವಾಟಿನ ಲೆಕ್ಕ ಬಿಡಬಾರದು. 20 ವಾಟ್ ಸದಾ ಓಡಿದರೆ ತಿಂಗಳಿಗೆ 14.4 ಯೂನಿಟ್. ಉಚಿತ ಕರೆಂಟು 200 ಯೂನಿಟ್ ತನಕ ಅನ್ನುವುದು ಮೇಲಿನ ಮಿತಿ. ತೀರಾ ಕಮ್ಮಿ ಬಳಸುವವರನ್ನು ಬಿಟ್ಟರೆ ಮನೆಗೆ ಸಿಗುವುದು ಅದರ ಹಳೆಯ ಸರಾಸರಿಯ ಮೇಲೆ ಶೇ 10 ಸೇರಿಸಿದಷ್ಟು. ನೂರು ಯೂನಿಟ್ ಸರಾಸರಿ ಇದ್ದ ಮನೆಗೆ ಹೆಚ್ಚಿಗೆ ಸಿಕ್ಕ ಹತ್ತನ್ನು ಈ ಒಂದೇ ಡಬ್ಬಿ ತಿಂದು ಇನ್ನೂ ಕೇಳುತ್ತದೆ. ನಾಲ್ಕು ಡಿಸ್ಕಿನ ಡಬ್ಬಿ ಬೇಕಾ ಅಂತ ಯೋಚಿಸುವಾಗ ಇದನ್ನೂ ಸೇರಿಸಿಕೊಳ್ಳಿ.

ಇನ್ನೊಂದು ಪ್ರತಿ ಬೀದರಿಗೆ

ಅಂಗಡಿಯವರು ಹೇಳಿದ ಪರ್ಪಲ್ ಡಿಸ್ಕನ್ನೂ ಬಿಡಲಿಲ್ಲ. ಅದು ಈಗ ಬೀದರಿನಲ್ಲಿ ಅಕ್ಕನ ಮನೆಯಲ್ಲಿದೆ. ಬೀದರ್ ಎತ್ತರದ ಮೇಲಿರುವುದರಿಂದ ನಮಗಿಂತ ಸ್ವಲ್ಪ ತಂಪು. 2017ರಿಂದ ನೇರ ರೈಲು ಮಾರ್ಗವೂ ಇದೆ. ಹಬ್ಬಕ್ಕೆ ಅಕ್ಕ ಬರುವಾಗ ತರುತ್ತಾಳೆ, ಹೊಸದಾಗಿ ಸೇರಿದ್ದನ್ನು ನಕಲು ಮಾಡಿ ಕಳಿಸುತ್ತೇನೆ. ತಿರುಗುವ ತಟ್ಟೆಯಿಲ್ಲದ ಎಸ್ಎಸ್‌ಡಿ ಹಗುರ, ಅದನ್ನೇ ಕಳಿಸಬಹುದಲ್ಲ ಅಂತ ಭಾವ ಕೇಳಿದರು. ಕರೆಂಟ್ ಇಲ್ಲದೆ ಬಹಳ ದಿನ ಕೂತ ಎಸ್ಎಸ್‌ಡಿಯಲ್ಲಿ ದತ್ತಾಂಶ ನಿಧಾನವಾಗಿ ಸೋರುತ್ತದೆ, ಬಿಸಿಯಲ್ಲಿ ಇನ್ನೂ ಬೇಗ. ಕಪಾಟಿನಲ್ಲಿ ಕೂರುವ ಪ್ರತಿಗೆ ತಿರುಗುವ ಡಿಸ್ಕೇ ಸರಿ.

ಅಕ್ಕನದ್ದು ಬೇರೆಯೇ ಪ್ರಶ್ನೆ. “ಅಲ್ಲೋ, ಡಿಸ್ಕ್ ನಮ್ಮ ಮನ್ಯಾಗೇ ಅದ ಅಂದ್ಮ್ಯಾಲ ನಾವೂ ನೋಡಬಹುದಲ್ಲ?” ದೂರದ ಸಾಧನಗಳನ್ನು ಒಂದೇ ನೆಟ್‌ವರ್ಕಿಗೆ ಸೇರಿಸುವ ಟೇಲ್‌ಸ್ಕೇಲ್ ಹಾಕಿ ಇಲ್ಲಿನ ಸರ್ವರಿಗೇ ಸೇರಿಸಬಹುದು, ಹಾಕಿಯೂ ಕೊಟ್ಟಿದ್ದೇನೆ. ಆದರೆ ಅದಕ್ಕೆ ಎರಡೂ ಊರಿನ ಇಂಟರ್ನೆಟ್ ಒಂದೇ ಹೊತ್ತಿಗೆ ನೆಟ್ಟಗಿರಬೇಕು. ಅದಕ್ಕೇ ಬೀದರಿನ ಡಿಸ್ಕನ್ನು ಲಿನಕ್ಸಿನ ರೂಪದಲ್ಲಿ ಇಡದೆ ಅವರ ಟಿವಿಯೂ ಓದುವ ಎಕ್ಸ್‌ಫ್ಯಾಟ್ ರೂಪಕ್ಕೆ ಮಾಡಿ, ಊರು ಮತ್ತು ವರ್ಷದ ಹೆಸರಿನ ಫೋಲ್ಡರುಗಳಲ್ಲಿ ಎಂಪಿ4ಗಳನ್ನು ಬಿಡಿಬಿಡಿಯಾಗಿ ಇಟ್ಟಿದ್ದೇನೆ. ಡಿಸ್ಕನ್ನು ಒಂದು ಯುಎಸ್‌ಬಿ ಡಬ್ಬಿಗೆ ಹಾಕಿ ಅವರ ಟಿವಿಯ ಹಿಂದೆ ಚುಚ್ಚಿದರೆ ಹಾಡು ಹತ್ತುತ್ತದೆ. ನೋಡಿದ ಮೇಲೆ ತೆಗೆದು ಕಪಾಟಿನಲ್ಲೇ ಇಡಬೇಕು ಅಂತ ಭಾವನಿಂದ ಮಾತು ತಗೊಂಡಿದ್ದೇನೆ.